ಸ್ಫಟಿಕದೊಳಗೆ ಕರೆಯದೆ ಬಂದ ಅಣು

ಪ್ರಶ್ನೆ: ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಕಿಣ್ವದ ಸ್ಫಟಿಕದಿಂದ 1.9 ಆಂಗ್‌ಸ್ಟ್ರಾಮ್ ರೆಸಲ್ಯೂಷನ್ನಿನ ಎಕ್ಸ್-ರೇ ದತ್ತಾಂಶ ಸಿಕ್ಕಿದೆ. ನಾವು ಯಾವ ಲಿಗ್ಯಾಂಡನ್ನೂ (ಪ್ರೋಟೀನಿಗೆ ಅಂಟುವ ಅಣು) ಸೇರಿಸಿಲ್ಲ. ಆದರೂ ಸಕ್ರಿಯ ತಾಣದಲ್ಲಿ ಡಿಫರೆನ್ಸ್ ಮ್ಯಾಪ್ (ನಮ್ಮ ಮಾದರಿಯಲ್ಲಿ ಬಿಟ್ಟುಹೋದದ್ದನ್ನು ತೋರಿಸುವ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ) 5 ಸಿಗ್ಮಾದ, ಅಂದರೆ ಗದ್ದಲಕ್ಕಿಂತ ಸಾಕಷ್ಟು ಮೇಲಿನ, ಹಸಿರು ಬ್ಲಾಬ್ ತೋರಿಸುತ್ತಿದೆ. ನೀರು ತುಂಬಿದರೆ ಅಣುಗಳ ನಡುವೆ 1.8 ಆಂಗ್‌ಸ್ಟ್ರಾಮ್ ಅಂತರ ಬರುತ್ತದೆ. ಅದು ಏನಿರಬಹುದು?
– ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಮೊದಲು ಆ ನೀರುಗಳನ್ನು ಅಳಿಸಿ. ಹೈಡ್ರೋಜನ್ ಬಂಧದಲ್ಲಿರುವ ಎರಡು ನೀರಿನ ನಡುವೆ ಸುಮಾರು 2.8 ಇರಬೇಕು, 1.8 ಬಂತೆಂದರೆ ಬಹುಮಟ್ಟಿಗೆ ಅಲ್ಲಿರುವುದು ಬೇರೆಯೇ ಒಂದು ಅಣು. ಪ್ರೋಟೀನು ಮತ್ತು ಉಳಿದ ನೀರನ್ನು ಪೂರ್ತಿ ರಿಫೈನ್ ಮಾಡಿ (ದತ್ತಾಂಶಕ್ಕೆ ಹೊಂದಿಸಿ), ಫೀನಿಕ್ಸ್ ತಂತ್ರಾಂಶದಲ್ಲಿ ಪೋಲ್ಡರ್ ಮ್ಯಾಪ್ ಹಾಕಿ ನೋಡಿ; ಆ ಜಾಗಕ್ಕೆ ನೀರಿನ ಲೆಕ್ಕ ತುಂಬದೆ ಬಿಡುವುದರಿಂದ ಮಸುಕಾದ ಅಣುವೂ ಅದರಲ್ಲಿ ಸ್ಪಷ್ಟವಾಗುತ್ತದೆ.

ಆಮೇಲೆ ಲ್ಯಾಬ್ ನೋಟ್‌ಬುಕ್ ತೆಗೆಯಿರಿ. ಕೋಶ ಒಡೆದ ಬಫರಿನಿಂದ ಸ್ಫಟಿಕವನ್ನು ಹೆಪ್ಪುಗಟ್ಟಿಸುವ ಮುನ್ನ ಅದ್ದುವ ಕ್ರಯೋ ದ್ರಾವಣದವರೆಗೆ ಪ್ರೋಟೀನು ಕಂಡ ಪ್ರತಿಯೊಂದು ರಾಸಾಯನಿಕವನ್ನೂ ಪಟ್ಟಿ ಮಾಡಿ. ಆರ್ಜಿನಿನ್ ಪಕ್ಕದಲ್ಲಿ ಚತುರ್ಮುಖಿ ಆಕಾರವಿದ್ದರೆ ಸಲ್ಫೇಟ್ ಅಥವಾ ಫಾಸ್ಫೇಟ್. ಇವೆರಡನ್ನೂ ಈ ರೆಸಲ್ಯೂಷನ್‌ನಲ್ಲಿ ಮ್ಯಾಪ್ ಬೇರ್ಪಡಿಸಲಾರದು, ನಿಮ್ಮ ಪಟ್ಟಿಯೇ ಹೇಳಬೇಕು. ಚಪ್ಪಟೆ ಐದು ಮೂಲೆಯದು ಪ್ರೋಟೀನು ಶುದ್ಧೀಕರಿಸುವ ನಿಕಲ್ ಕಾಲಮ್ಮಿನ ಇಮಿಡಜೋಲ್ ಆಗಿರಬಹುದು. ಕವಲಿಲ್ಲದ ಉದ್ದ ಕೊಳವೆಯಾದರೆ ಸ್ಫಟಿಕ ಬೆಳೆಸಲು ಬಳಸುವ ಪಾಲಿಎಥಿಲೀನ್ ಗ್ಲೈಕಾಲ್ ಅಥವಾ, ಜಿಡ್ಡಿನ ಪೊಟರೆಯೊಳಗಿದ್ದರೆ, ಬ್ಯಾಕ್ಟೀರಿಯಾದಿಂದಲೇ ಬಂದ ಕೊಬ್ಬಿನಾಮ್ಲ. ಲೈಸಿನ್ ತುದಿಗೆ ಅಂಟಿಕೊಂಡೇ ಮುಂದುವರಿದಿದ್ದರೆ ವಿಟಮಿನ್ ಬಿ6ರಿಂದಾಗುವ ಸಹಕಿಣ್ವ ಪಿರಿಡಾಕ್ಸಲ್ ಫಾಸ್ಫೇಟ್ ನೆನಪಾಗಬೇಕು.

ಟ್ಯೂಬಿನಲ್ಲಿರುವ ಪ್ರೋಟೀನಿನ ಬಣ್ಣವನ್ನೂ ನೋಡಿ. ಹಳದಿಯಿದ್ದರೆ ಸ್ಪೆಕ್ಟ್ರಮ್ ತೆಗೆಯಿರಿ: 450 ನ್ಯಾನೋಮೀಟರ್ ಬಳಿ ಶಿಖರವಿದ್ದರೆ ಫ್ಲೇವಿನ್ (ವಿಟಮಿನ್ ಬಿ2ರಿಂದಾಗುವ ಸಹಕಿಣ್ವ), 420ರ ಆಸುಪಾಸಿನಲ್ಲಿದ್ದರೆ ಪಿರಿಡಾಕ್ಸಲ್ ಫಾಸ್ಫೇಟ್.

ಖಚಿತವಾಗಬೇಕಾದರೆ ಮಾಸ್ ಸ್ಪೆಕ್ಟ್ರೋಮೆಟ್ರಿ. ಸ್ಫಟಿಕೀಕರಣಕ್ಕೆ ಮುಂಚಿನ ಪ್ರೋಟೀನನ್ನೇ ಮೆಥನಾಲಿನಲ್ಲಿ ಒತ್ತರಿಸಿ (ಗಷ್ಟಾಗಿ ತಳಕ್ಕಿಳಿಸಿ), ಮೇಲಿನ ತಿಳಿಯನ್ನು ಯಂತ್ರದಲ್ಲಿ ಓಡಿಸಿ. ಹೋಲಿಕೆಗೆ ಬರೀ ಬಫರನ್ನೂ ಓಡಿಸಿ. ಸ್ಫಟಿಕ ಬೆಳೆದ ಡ್ರಾಪಿನಿಂದ ತೆಗೆದರೆ ಗ್ಲೈಕಾಲಿನ ಸಿಗ್ನಲ್ ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಕೋವೇಲೆಂಟ್ ಆಗಿ ಅಂಟಿದ್ದು ಹೀಗೆ ಹೊರಬರುವುದಿಲ್ಲ. ಅದಕ್ಕೆ ಇಡೀ ಪ್ರೋಟೀನಿನ ತೂಕವನ್ನೇ ಅಳೆಯಬೇಕು.

ಅಣು ಕೂರಿಸಿದ ಮೇಲೆ ಸುತ್ತಲಿನ ಅಮೈನೋ ಆಮ್ಲಗಳ ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗಾಡುತ್ತದೆಂಬ ಅಳತೆ) 30 ಇದ್ದು ಇದರದ್ದು 80 ಆದರೆ, ಒಂದೋ ಆಕ್ಯುಪೆನ್ಸಿ ಕಡಿಮೆ (ಎಲ್ಲ ಪ್ರೋಟೀನಿನಲ್ಲೂ ಆ ಅಣು ಕೂತಿಲ್ಲ), ಇಲ್ಲವೇ ಅಣುವೇ ತಪ್ಪು. ಅಣು ಮ್ಯಾಪಿಗೆ ಎಷ್ಟು ಹೊಂದುತ್ತದೆಂದು ಹೇಳುವ ರಿಯಲ್-ಸ್ಪೇಸ್ ಕೋರಿಲೇಷನ್ 0.8ಕ್ಕಿಂತ ಕೆಳಗಿದ್ದರೂ ಅನುಮಾನಿಸಿ. ನಿಮಗೆ ಬೇಕಾದ ಸಬ್‌ಸ್ಟ್ರೇಟನ್ನು ಮಾತ್ರ ಬಲವಂತವಾಗಿ ತುರುಕಬೇಡಿ.

ಪ್ರಶ್ನೆ: ಗುರುತು ಸಿಗದಿದ್ದರೆ ರಚನೆ ಪ್ರಕಟಿಸಬಹುದೇ?

ಉತ್ತರ: ಖಂಡಿತ. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಅಪರಿಚಿತ ಲಿಗ್ಯಾಂಡಿಗೆಂದೇ ಯುಎನ್ಎಲ್ ಎಂಬ ಸಂಕೇತವಿದೆ. 1987ರಲ್ಲಿ ರೋಗನಿರೋಧಕ ವ್ಯವಸ್ಥೆಯ ಪ್ರೋಟೀನಾದ ಎಚ್ಎಲ್ಎ-ಎ2ರ ರಚನೆ ಹೊರಬಂದಾಗ ಅದರ ತೋಡಿನಲ್ಲಿ ಪ್ರೋಟೀನಿಗೆ ಸೇರದ ಸಾಂದ್ರತೆಯಿತ್ತು. ಸಂಶೋಧಕರು ಅದನ್ನು ಮರೆಮಾಚದೆ ವರದಿ ಮಾಡಿದರು. ಅದು ಹಲವು ಪೆಪ್ಟೈಡ್‌ಗಳ (ಪ್ರೋಟೀನಿನ ಚಿಕ್ಕ ತುಣುಕುಗಳ) ಮಿಶ್ರಣವಾಗಿತ್ತು. ಬಗೆಬಗೆಯ ಅಣುಗಳು ಒಂದೇ ಜಾಗದಲ್ಲಿ ಕೂತರೆ ಮ್ಯಾಪ್ ಅವುಗಳ ಸರಾಸರಿಯನ್ನಷ್ಟೇ ತೋರಿಸುತ್ತದೆ.