ಗಾಲಿಕುರ್ಚಿಯವರ ಹಂಚಿಕೆ ಮನೆ: ಬೆಳಗಿನ ಬಚ್ಚಲು ಸಮಸ್ಯೆಗೆ ಪ್ರತಿಕ್ರಿಯೆ

ನಾಲ್ವರು ಹುಡುಗರು, ಅವರಲ್ಲಿ ಮೂವರು ಗಾಲಿಕುರ್ಚಿಯವರು, ಸಹಾಯಕರು ಒಬ್ಬರೇ, ಬೆಳಗ್ಗೆ ಎರಡು ತಾಸು ಬಚ್ಚಲಿನಲ್ಲೇ ಕಳೆಯುತ್ತದೆ ಎಂದಿದ್ದೀರಿ. ಕಾರಣ ಸಹಾಯಕರ ಕೊರತೆಗಿಂತ ಬಚ್ಚಲಿನ ಬಾಗಿಲೇ ಇರಬೇಕು. ತಾವಾಗಿ ಒಳಹೋಗಲಾಗದಿದ್ದರೆ ಪ್ರತಿಯೊಬ್ಬರಿಗೂ ಎತ್ತುವ ಕೈ ಬೇಕಾಗುತ್ತದೆ.

ಎರಡನೇ ಸಹಾಯಕರನ್ನು ಹುಡುಕುವ ಮೊದಲು ಟೇಪ್ ಹಿಡಿಯಿರಿ. ಬಾಗಿಲನ್ನು 90 ಡಿಗ್ರಿ ತೆರೆದು, ಹಲಗೆಯ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೆ ಹಲಗೆಯ ದಪ್ಪ ನುಂಗುವ ಜಾಗ ಲೆಕ್ಕಕ್ಕೇ ಬರುವುದಿಲ್ಲ. 900 ಮಿ.ಮೀ. ಸಿಗಬೇಕು. ಮೂರ್ನಾಲ್ಕು ಸೆಂ.ಮೀ. ಮಾತ್ರ ಕಡಿಮೆ ಬಿದ್ದರೆ ಗೋಡೆ ಒಡೆಯಬೇಡಿ, ಆಫ್‌ಸೆಟ್ ಹಿಂಜ್ (ತೆರೆದ ಹಲಗೆಯನ್ನು ದಾರಿಯಿಂದ ಆಚೆಗೆ ಸರಿಸುವ ಬಾಗಿದ ಕೀಲು) ಸಾಕಾಗಬಹುದು. ಬಾಗಿಲು ಹೊರಕ್ಕೇ ತೆರೆಯಲಿ. ಒಳಕ್ಕೆ ತೆರೆಯುವಂತಿದ್ದರೆ, ಯಾರಾದರೂ ಬಿದ್ದಾಗ ಅವರ ಮೈಯೇ ಅಡ್ಡವಾಗುತ್ತದೆ. ಚಿಲಕ ಹೊರಗಿನಿಂದಲೂ ತೆಗೆಯಲು ಬರಬೇಕು.

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ 1500 ಮಿ.ಮೀ. ಅಡ್ಡಳತೆಯ ವೃತ್ತ ಬರೆಯಿರಿ. ಅದರೊಳಗೆ ಒಂದು ಬಕೆಟ್ ಇದ್ದರೂ ಕುರ್ಚಿ ತಿರುಗದು.

ಕಮೋಡಿನ ಸೀಟು 450ರಿಂದ 480 ಮಿ.ಮೀ. ಎತ್ತರ, ಕುರ್ಚಿ ಪಕ್ಕಕ್ಕೆ ನಿಲ್ಲಿಸಿ ಸೀಟಿಗೆ ಸರಿಯಲು ಒಂದು ಬದಿ 900 ಮಿ.ಮೀ. ಖಾಲಿ. ಯಾವ ಬದಿ? ಯಾರಿಗೆ ಬಲಗೈ ಗಟ್ಟಿ, ಯಾರಿಗೆ ಎಡಗೈ ಎಂದು ಹುಡುಗರನ್ನೇ ಕೇಳಿ. ಗುತ್ತಿಗೆದಾರರು ಇದನ್ನು ಕೇಳುವುದೇ ಅಪರೂಪ.

ಗೋಡೆ ಟೊಳ್ಳು ಇಟ್ಟಿಗೆಯದೋ ಎಂಬುದು ನಿಮ್ಮ ವಿವರಣೆಯಲ್ಲಿಲ್ಲ. ತಟ್ಟಿ ನೋಡಿ, ಟೊಳ್ಳಾಗಿದ್ದರೆ ಗ್ರ್ಯಾಬ್ ಬಾರಿಗೆ (ಆಸರೆಗೆ ಹಿಡಿಯುವ ಗೋಡೆಯ ಕಂಬಿ) ಬರೀ ಸ್ಕ್ರೂ ಸಾಲದು, ಕೆಮಿಕಲ್ ಆಂಕರ್ (ರಂಧ್ರದಲ್ಲಿ ಗಟ್ಟಿ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿಸಿ.

ಇಷ್ಟಾದ ಮೇಲೆ ಒಂದು ವಾರ ಪ್ರತಿಯೊಬ್ಬರ ನಿಮಿಷ ಬರೆದಿಡಿ. ಸಹಾಯಕರ ಸಮಯವನ್ನು ಆ ಪಟ್ಟಿ ನೋಡಿ ಹಂಚಿ.