ಪುಣೆಯಿಂದ ಆಲ್ಪ್ಸ್‌ಗೆ ಸ್ಕೀ ರಜೆ: ಕ್ರಿಸ್‌ಮಸ್‌ಗೇ ಹೋಗಬೇಕಾ?

ನೀವು ಕೇಳಿದ್ದು: ಕೋಥ್ರೂಡ್‌ನಲ್ಲಿ ಮನೆ, 11 ಮತ್ತು 7 ವರ್ಷದ ಮಕ್ಕಳು, ಮನೆಯಲ್ಲಿ ಯಾರೂ ಹಿಮ ಮುಟ್ಟಿದವರಲ್ಲ. ಕ್ರಿಸ್‌ಮಸ್ ರಜೆಯ ಎಂಟು ದಿನದಲ್ಲಿ ಜ್ಯೂರಿಕ್, ಇಂಟರ್‌ಲಾಕನ್, ಪ್ಯಾರಿಸ್ ಮುಗಿಸಿ, ನಡುವೆ ಎರಡು ದಿನ ಸ್ಕೀ ಕಲಿಯಬೇಕು. ಊಟ ಸಸ್ಯಾಹಾರ.

ಪ್ಯಾರಿಸ್ ಬಿಡಿ. ಆದರೆ ಕ್ರಿಸ್‌ಮಸ್ಸನ್ನೂ ಬಿಡಿ.

ಎರಡು ದಿನದಲ್ಲಿ ಸ್ಕೀ ಬರೋದಿಲ್ಲ. ಮೊದಲ ದಿನ ಬೂಟು ಹಾಕೋದು, ಬೀಳೋದು, ಬಿದ್ದಲ್ಲಿಂದ ಏಳೋದು, ಇಷ್ಟರಲ್ಲೇ ಕಳೆದುಹೋಗುತ್ತೆ. ಎರಡನೇ ದಿನ ಸ್ಕೀಯ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದನ್ನು ಅಗಲಿಸಿ ನಿಲ್ಲೋದನ್ನು ಕಲೀತೀರಿ. ಮಕ್ಕಳಿಗೆ ಇದನ್ನೇ ಅಲ್ಲಿ ‘ಪಿಜ್ಜಾ’ ಅಂತ ಹೇಳಿಕೊಡ್ತಾರೆ. ಮಜಾ ಶುರುವಾಗೋದು ಮೂರನೇ ದಿನದಿಂದ, ಅಷ್ಟರಲ್ಲಿ ನೀವು ಪ್ಯಾರಿಸ್ ರೈಲಿನಲ್ಲಿರ್ತೀರಿ. ಸ್ಕೀ ಶಾಲೆಗಳ ಗುಂಪು ತರಗತಿಗಳೂ ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಶುರುವಾಗಿ ವಾರವಿಡೀ ನಡೆಯುತ್ತವೆ. ಬುಧವಾರ ಹೋಗಿ ನಿಂತರೆ ಖಾಸಗಿ ಶಿಕ್ಷಕರೇ ಗತಿ, ಅವರ ದರ ಕೇಳಿದರೆ ಎದೆ ಝಲ್ಲೆನ್ನುತ್ತೆ.

ಇನ್ನು ಡಿಸೆಂಬರ್ ಕೊನೆಯ ವಾರದ ಮಾತು. ಕೋಣೆ ಬಾಡಿಗೆ ಗಗನಕ್ಕೇರಿರುತ್ತೆ, ತಗ್ಗಿನ ಊರುಗಳಲ್ಲಿ ಹಿಮ ಸಾಲದೆ ಯಂತ್ರದಿಂದ ಹಿಮ ಹೊಡೆಯೋದೂ ಉಂಟು, ಸಂಜೆ ಐದರೊಳಗೆ ಕತ್ತಲು. ಮಕ್ಕಳದು ಸಿಬಿಎಸ್‌ಇ ಆಗಿದ್ದರೆ ವಾರ್ಷಿಕ ಪರೀಕ್ಷೆ ಮುಗಿದು ಏಪ್ರಿಲ್‌ನಲ್ಲಿ ಹೊಸ ತರಗತಿ ಶುರುವಾಗೋ ತನಕ ಒಂದಿಷ್ಟು ದಿನ ಬಿಡುವು ಸಿಗುತ್ತೆ. ನನ್ನ ಪ್ರಕಾರ ಮಹಾರಾಷ್ಟ್ರದಲ್ಲಿರೋ ನಮ್ಮಂಥವರಿಗೆ ಅದೇ ಸರಿಯಾದ ಕಾಲ. ಮಾರ್ಚ್‌ನಲ್ಲಿ ಬಿಸಿಲಿರುತ್ತೆ, ಹಗಲು ಉದ್ದ, ಎತ್ತರದ ಊರುಗಳಲ್ಲಿ ಹಿಮ ಇನ್ನೂ ಗಟ್ಟಿಯಾಗೇ ಇರುತ್ತೆ. ಈಸ್ಟರ್ ಯಾವ ವಾರ ಬಂದಿದೆ ಅಂತ ಮಾತ್ರ ನೋಡಿಕೊಳ್ಳಿ, ಆಗ ಮತ್ತೆ ದರ ಏರುತ್ತೆ.

ಎತ್ತರ ಅಂದೆನಲ್ಲ, ಮಾರ್ಚ್ ಕೊನೆಗೆ ಅದು ಮುಖ್ಯ. ನಿಮ್ಮ ಜಾಗದಲ್ಲಿದ್ದರೆ ನಾನು ಸ್ವಿಟ್ಜರ್‌ಲೆಂಡ್‌ನ ಸಾಸ್-ಫೀ ಆರಿಸ್ತಿದ್ದೆ. ಊರೇ 1,800 ಮೀಟರ್ ಎತ್ತರದಲ್ಲಿದೆ, ಒಳಗೆ ಕಾರು ಬಿಡೋದಿಲ್ಲ, ಹೊಸಬರ ಇಳಿಜಾರು ಊರಿಗೆ ಅಂಟಿಕೊಂಡೇ ಇದೆ. ಮುಂಬೈಯಿಂದ ಜ್ಯೂರಿಕ್‌ಗೆ ನೇರ ವಿಮಾನ, ಅಲ್ಲಿಂದ ವಿಸ್ಪ್‌ಗೆ ಸುಮಾರು ಎರಡು ಗಂಟೆ ರೈಲು, ಆಮೇಲೆ ಹಳದಿ ಪೋಸ್ಟ್ ಬಸ್. ಪಕ್ಕದ ಕಣಿವೆಯ ಝರ್ಮಾಟ್‌ಗೆ ಹೆಸರು ಹೆಚ್ಚು, 4,478 ಮೀಟರಿನ ಮ್ಯಾಟರ್‌ಹಾರ್ನ್ ಕಣ್ಣೆದುರೇ ನಿಂತಿರುತ್ತೆ, ಜೇಬಿಗೂ ಅಷ್ಟೇ ಭಾರ. ಆಸ್ಟ್ರಿಯಾ ಆದರೂ ಸರಿ ಅನ್ನೋದಾದರೆ 1,930 ಮೀಟರ್ ಎತ್ತರದ ಓಬರ್‌ಗುರ್ಗಲ್ ನೋಡಿ, ಮ್ಯೂನಿಕ್ ಮೇಲೆ ಹೋಗಬೇಕು. ಫ್ರಾನ್ಸಿನ ಶಮೋನಿ ಮೊದಲ ಸಲಕ್ಕೆ ಬೇಡ, ಅದು ಪಳಗಿದವರ ಊರು.

ಬೆಟ್ಟ ಹತ್ತಿಸೋ ಸ್ಕೀ ಲಿಫ್ಟ್‌ನ ಪಾಸಿನ ವಿಷಯದಲ್ಲಿ ಹುಷಾರು. ದೊಡ್ಡ ರೆಸಾರ್ಟ್‌ಗಳಲ್ಲಿ ಇಡೀ ಬೆಟ್ಟದ ಪಾಸು ದಿನಕ್ಕೆ 70-80 ಫ್ರಾಂಕ್ ದಾಟುತ್ತೆ. ಮೊದಲೆರಡು ದಿನ ಅದು ದಂಡ, ಹೊಸಬರ ಲಿಫ್ಟ್‌ಗೆ ಮಾತ್ರ ಕೊಡೋ ಅಗ್ಗದ ಪಾಸು ಇದೆಯಾ ಅಂತ ಕೇಳಿ. ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ರೈಲು, ಬಸ್ಸು ಬರುತ್ತೆ, ಸ್ಕೀ ಲಿಫ್ಟ್ ಬರೋದಿಲ್ಲ. ಅಪ್ಪ-ಅಮ್ಮನ ಹತ್ತಿರ ಆ ಪಾಸಿದ್ದರೆ ಫ್ಯಾಮಿಲಿ ಕಾರ್ಡ್‌ನಲ್ಲಿ ಇಬ್ಬರು ಮಕ್ಕಳೂ ಪುಕ್ಕಟೆ.

ಸ್ಕೀ, ಬೂಟು, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತೆ, ಒಂದನ್ನೂ ಕೊಳ್ಳಬೇಡಿ. ಬೂಟು ಆರಿಸುವಾಗ ಮಾತ್ರ ಅವಸರ ಬೇಡ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ತಾಗಿಯೂ ತಾಗದಂತಿರಬೇಕು, ಮಂಡಿ ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಏಳಬಾರದು. ಚಳಿ ಅಂತ ನಮ್ಮವರು ಎರಡೆರಡು ಉಣ್ಣೆ ಸಾಕ್ಸ್ ಏರಿಸ್ತಾರೆ. ಬೂಟು ಬಿಗಿದು ರಕ್ತ ಓಡೋದಿಲ್ಲ, ಕಾಲು ಇನ್ನಷ್ಟು ತಣ್ಣಗಾಗಿ ಜೋಮು ಹಿಡಿಯುತ್ತೆ. ಮಂಡಿತನಕ ಬರೋ ಒಂದೇ ತೆಳು ಸ್ಕೀ ಸಾಕ್ಸ್ ಸಾಕು. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬೇಡಿ, ಆ ಮಡಿಕೆ ಮೊಣಕಾಲ ಕೆಳಗಿನ ಎಲುಬಿಗೆ ಒತ್ತಿ ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ನೀರು ತರಿಸುತ್ತೆ. ಜೀನ್ಸ್ ಅಂತೂ ಬೇಡವೇ ಬೇಡ, ಒದ್ದೆಯಾದರೆ ಒಣಗೋದಿಲ್ಲ. ನೀರು ಹೀರದ ಪ್ಯಾಂಟು, ಕೈಗವಸು ಪುಣೆಯ ಡೆಕಾಥ್ಲಾನ್‌ನಲ್ಲೇ ಸಿಗುತ್ತೆ. ಕಾಲಿನ ತಯಾರಿಗೆ ಸಿಂಹಗಡ ಇದ್ದೇ ಇದೆ. ಹತ್ತೋದಕ್ಕಿಂತ ಇಳಿಯೋದೇ ತೊಡೆಗೆ ಸರಿಯಾದ ಪಾಠ.

ವೀಸಾಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಹೆಚ್ಚು ರಾತ್ರಿ ಯಾವ ದೇಶದಲ್ಲಿ ಕಳೀತೀರೋ ಆ ದೇಶಕ್ಕೇ ಹಾಕಬೇಕು. ವಿಮೆ ಕನಿಷ್ಠ 30,000 ಯೂರೋದ್ದು ಕಡ್ಡಾಯ. ವೀಸಾಕ್ಕೆ ಅಷ್ಟು ಸಾಕು, ನಿಮಗೆ ಸಾಲದು. ಎಷ್ಟೋ ಮಾಮೂಲಿ ಪ್ರವಾಸ ವಿಮೆಗಳಲ್ಲಿ ಸ್ಕೀಯಿಂಗ್ ಹೊರಗಿಟ್ಟಿರ್ತಾರೆ. ಮಂಡಿ ತಿರುಚಿ ಹೆಲಿಕಾಪ್ಟರ್ ಕರೆಸಬೇಕಾದರೆ ಆ ಬಿಲ್ಲು ನಿಮ್ಮ ತಲೆ ಮೇಲೆ. ಚಳಿಗಾಲದ ಕ್ರೀಡೆ ಸೇರಿದೆ ಅಂತ ಬರಹದಲ್ಲಿ ನೋಡಿಯೇ ಕೊಳ್ಳಿ.

ಬಜೆಟ್ ಕೈ ಮೀರಿತು ಅನ್ನಿಸಿದರೆ ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀ ಸಂಸ್ಥೆಯೇ ಇದೆ, ಕೋರ್ಸ್ ನಡೆಸುತ್ತೆ, ಖರ್ಚು ತೀರಾ ಕಡಿಮೆ. ಆಲ್ಪ್ಸ್‌ನ ಸೌಕರ್ಯ ಮಾತ್ರ ಕೇಳಬೇಡಿ.

ಊಟಕ್ಕೆ ಅಡುಗೆಮನೆ ಇರೋ ಅಪಾರ್ಟ್‌ಮೆಂಟನ್ನೇ ಹಿಡಿಯಿರಿ, ಬಹಳ ಕಡೆ ಶನಿವಾರದಿಂದ ಶನಿವಾರಕ್ಕೆ ಕೊಡ್ತಾರೆ. ಆಲೂಗಡ್ಡೆಯ ರೋಷ್ಟಿ ನಮ್ಮ ಬಾಯಿಗೆ ಹಿಡಿಸುತ್ತೆ, ಹಂದಿಮಾಂಸ ಸೇರಿಸಬೇಡಿ ಅಂತ ಹೇಳಿ. ಕರಗಿಸಿದ ಚೀಸಿನ ಫಾಂಡ್ಯೂನಲ್ಲಿ ವೈನ್ ಇರುತ್ತೆ, ಮಕ್ಕಳಿಗೆ ಕೊಡೋ ಮುಂಚೆ ಕೇಳಿ. ಗೊಜ್ಜವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪದ ಡಬ್ಬಿ ಬೇಡ, ಹಾಲಿನ ಪದಾರ್ಥ ನಮ್ಮಲ್ಲಿಂದ ಒಯ್ಯೋದಕ್ಕೆ ಅಲ್ಲಿ ನಿಷೇಧ ಇದೆ. ಬೆಣ್ಣೆ ಅಲ್ಲಿನ ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತೆ, ಕಾಯಿಸಿಕೊಂಡರಾಯಿತು.