ಕೊಟ್ಟವರು ಯಾರು, ತಗೊಂಡವರು ಯಾರು?

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮನೆಯಲ್ಲಿ ಅಡಿಕೆ ಆರಿಸುವ ಅಕ್ಕ ಚಾಲಿ, ಬಿಳೆಗೋಟು, ಕೋಕಾ ಅಂತ ನೋಡಿದ ಕೂಡಲೇ ಬೇರೆ ಮಾಡುತ್ತಾರೆ. ಹೇಗೆ ಅಂದರೆ ಹೇಳೋಕೆ ಬರಲ್ಲ. ಕೂಲಿ ಲೆಕ್ಕ ಮಾತ್ರ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳುತ್ತಾರೆ. ಮನಸ್ಸು ನರಜಾಲವೋ, ತರ್ಕವೋ? ಎರಡನ್ನೂ ಜೋಡಿಸಿದರೆ ಆಯ್ತಲ್ವಾ?’

ನರಜಾಲ ಅಂದರೆ ನರಕೋಶಗಳ ಹಾಗೆ ಒಂದಕ್ಕೊಂದು ಹೆಣೆದು, ಉದಾಹರಣೆ ನೋಡಿ ನೋಡಿ ಕಲಿಯುವ ಜಾಲ. ತರ್ಕ ಅಂದರೆ ನಿಯಮ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನಡೆಯುವುದು. ಎರಡನ್ನೂ ಜೋಡಿಸಿಯೂ ಆಗಿದೆ. 2024ರ ಆಲ್ಫಾಜಾಮೆಟ್ರಿ ಅನ್ನುವ, ರೇಖಾಗಣಿತದ ಲೆಕ್ಕ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ನರಜಾಲ ‘ಇಲ್ಲೊಂದು ಗೆರೆ ಎಳೆದು ನೋಡು’ ಅನ್ನುತ್ತದೆ. ಅದರಿಂದ ಏನೇನು ಸಿದ್ಧವಾಗುತ್ತದೆ ಅಂತ ನಿಯಮಗಳ ಯಂತ್ರ ನೋಡುತ್ತದೆ. ಒಲಿಂಪಿಯಾಡ್ ಮಟ್ಟದ 30 ರೇಖಾಗಣಿತದ ಲೆಕ್ಕಗಳಲ್ಲಿ 25 ಬಿಡಿಸಿತು. ಚೆಂದದ ಕೆಲಸವೇ. ಆದರೆ ಅದು ಎರಡು ಯಂತ್ರಗಳ ಹೊಂದಾಣಿಕೆ. ನಮ್ಮ ತಲೆಯಲ್ಲಿ ತರ್ಕಕ್ಕೆ ಅಂತ ಬೇರೆ ಪೆಟ್ಟಿಗೆ ಇಲ್ಲ. ನರಕೋಶಗಳೇ ತರ್ಕ ಮಾಡಬೇಕು. ಹೇಗೆ? ಕಗ್ಗಂಟು ಇರೋದು ಅಲ್ಲಿ.

‘ಗಣಪ ಸುಬ್ರಾಯನಿಗೆ ಚೀಲ ಕೊಟ್ಟ’ ಅನ್ನಿ. ಗಣಪ, ಸುಬ್ರಾಯ, ಚೀಲ, ಕೊಡುವುದು, ನಾಲ್ಕಕ್ಕೂ ಒಂದೊಂದು ಗುಂಪು ಕೋಶ ಮಿಡಿದವು. ‘ಸುಬ್ರಾಯ ಗಣಪನಿಗೆ ಕೊಟ್ಟ’ ಅಂದರೂ ಮಿಡಿಯುವುದು ಅವೇ. ಹಾಗಾದರೆ ಚೀಲ ಈಗ ಯಾರ ಮನೆಯಲ್ಲಿದೆ? 1988ರಲ್ಲಿ ಮನಸ್ಸಿನ ಬಗ್ಗೆ ಅಧ್ಯಯನ ಮಾಡುತ್ತಿದ್ದ ಫೋಡರ್ ಮತ್ತು ಪಿಲಿಶಿನ್, ಮನಸ್ಸು ನರಜಾಲವೇ ಅನ್ನುವವರನ್ನು ಅಡ್ಡಗಟ್ಟಿದ್ದು ಇಂಥ ಜಾಗದಲ್ಲೇ. ಒಂದು ವಾಕ್ಯ ತಿಳಿದವರಿಗೆ ಅದನ್ನು ತಿರುಗಿಸಿದ್ದೂ ತಿಳಿಯುತ್ತದೆ, ಬರೀ ಜಾಲಕ್ಕೆ ಆ ಖಾತ್ರಿ ಎಲ್ಲಿಂದ ಬರಬೇಕು ಅಂತ. ಪ್ರಶ್ನೆ ಸರಿ. ಜಾಲದಿಂದ ಆಗೋದೇ ಇಲ್ಲ ಅನ್ನುವ ಧಾಟಿ ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಸಂಶೋಧಕರಾದ ಲೋಕೇಂದ್ರ ಶಾಸ್ತ್ರಿ ಮತ್ತು ವೆಂಕಟ್ ಅಜ್ಜನಗದ್ದೆ 1993ರಲ್ಲಿ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಅವರು ಮಿಡಿಯುವ ಹೊತ್ತನ್ನೇ ಬಳಸಿಕೊಂಡರು. ‘ಕೊಟ್ಟವನು’ ಅನ್ನುವ ಕೋಶ ಗಣಪನ ಕೋಶದ ಜೊತೆ ಒಂದೇ ಕ್ಷಣಕ್ಕೆ ಮಿಡಿಯುತ್ತದೆ. ‘ತಗೊಂಡವನು’ ಅನ್ನುವುದು ಸುಬ್ರಾಯನ ಜೊತೆ, ಬೇರೆ ಕ್ಷಣಕ್ಕೆ. ‘ತಗೊಂಡವನು’ ಕೋಶದಿಂದ ‘ಒಡೆಯ’ ಕೋಶಕ್ಕೆ ಒಂದು ಕೊಂಡಿ ಇದ್ದರೆ ಸಾಕು, ಅದೂ ಸುಬ್ರಾಯನ ಕ್ಷಣಕ್ಕೇ ಮಿಡಿಯಲು ಶುರುಮಾಡುತ್ತದೆ. ಚೀಲ ಸುಬ್ರಾಯನದು ಅಂತಾಯಿತು! ನಿಯಮವನ್ನು ಎಲ್ಲೂ ಬರೆದಿಟ್ಟಿಲ್ಲ. ಕೊಂಡಿಯೇ ನಿಯಮ.

ಇದು ಥಟ್ಟನೆ ಹೊಳೆಯುವ ತರ್ಕಕ್ಕೆ ಮಾತ್ರ. ಕೂತು ಗುಣಿಸಿ, ಮುಂಗಡ ಕಳೆದು ಮಾಡುವ ಕೂಲಿ ಲೆಕ್ಕ ಈ ಮಾದರಿಯೊಳಗೆ ಬರೋದಿಲ್ಲ. ಇನ್ನೊಂದು ಮಿತಿಯೂ ಇದೆ. ಕೋಶಗಳು ಸುತ್ತು ಸುತ್ತಾಗಿ ಮತ್ತೆ ಮತ್ತೆ ಮಿಡಿಯುತ್ತವೆ, ಒಂದು ಸುತ್ತಿನಲ್ಲಿ ಬೇರೆ ಬೇರೆಯಾಗಿ ಹಿಡಿಸುವ ಕ್ಷಣಗಳು ಕೆಲವೇ. ಹಾಗಾಗಿ ಒಟ್ಟಿಗೆ ನೆನಪಿಟ್ಟುಕೊಳ್ಳಬಹುದಾದ ಜನರೂ ಕೆಲವೇ. ನನ್ನ ಮಟ್ಟಿಗೆ ಇದು ಮಾದರಿಯ ಕೊರತೆ ಅಲ್ಲ, ಅದು ಮನುಷ್ಯರಿಗೆ ಹತ್ತಿರ ಇದೆ ಅನ್ನೋದಕ್ಕೆ ಗುರುತು. ದೊಡ್ಡ ಕುಟುಂಬದ ಹಿಸೆ ಮಾತಾಡುವಾಗ ನಾವೂ ಪೆನ್ನು, ಕಾಗದ ಹುಡುಕುತ್ತೇವೆ, ಅಲ್ವಾ?

– ಸಂ.